ವಾಲ್ಡೀಜ್ ತೀರದ ಬಂಡೆಹಿಟ್ಟು: ತೈಲವನ್ನು ಕರಗಿಸುವ ಸೂಕ್ಷ್ಮಜೀವಿಗಳ ಕೆಲಸದಲ್ಲಿ ಜೇಡಿಕಣಗಳ ಪಾತ್ರ

ಸಮುದ್ರದಲ್ಲಿ ಚೆಲ್ಲಿದ ಕಚ್ಚಾ ತೈಲ ದಡಕ್ಕೆ ಬಂದು ಕಲ್ಲುಗಳಿಗೆ ಅಂಟಿಕೊಂಡ ಮೇಲೆ ಅದನ್ನು ಬಿಡಿಸುವ ಶಕ್ತಿ ಅಲೆಗಳ ಹೊಡೆತಕ್ಕೆ ಮಾತ್ರ ಇದೆ ಎಂದು ತೈಲ ಸೋರಿಕೆಯನ್ನು ನಿಭಾಯಿಸುವವರು ಬಹುಕಾಲ ನಂಬಿದ್ದರು. ಈ ನಂಬಿಕೆಯ ಪ್ರಕಾರ ತೆರೆದ ಕಡಲಿಗೆ ಮುಖಮಾಡಿದ ತೀರಗಳು ಬೇಗ ಶುದ್ಧವಾಗಬೇಕು, ಅಲೆಗಳಿಲ್ಲದ ಒಳಕೊಲ್ಲಿಗಳಲ್ಲಿ ತೈಲ ದಶಕಗಳ ಕಾಲ ಉಳಿಯಬೇಕು. ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಒಳಗಡಲಿನಲ್ಲಿ ನಡೆದ ಎಕ್ಸಾನ್ ವಾಲ್ಡೀಜ್ ದುರಂತದ ಮರುವರ್ಷ ತೀರಗಳನ್ನು ಪರಿಶೀಲಿಸಿದವರಿಗೆ ಈ ಲೆಕ್ಕಾಚಾರಕ್ಕೆ ಒಗ್ಗದ ಸಂಗತಿಯೊಂದು ಕಂಡಿತು: ಅಲೆಗಳ ಹೊಡೆತವೇ ಇಲ್ಲದ ಅನೇಕ ತೀರಗಳಲ್ಲಿಯೂ ತೈಲ ಎದ್ದುಕಾಣುವಂತೆ ಕಡಿಮೆಯಾಗಿತ್ತು. ಇದರ ಕಾರಣವನ್ನು ಹುಡುಕುತ್ತ ಹೋದ ಸಂಶೋಧನೆ ಕೊನೆಗೆ ತಲುಪಿದ್ದು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಖನಿಜ ಕಣಗಳನ್ನು. ಆ ಕಣಗಳು ತೈಲವನ್ನು ಹೇಗೆ ಸೂಕ್ಷ್ಮಜೀವಿಗಳ ಕೈಗೆ ಒಪ್ಪಿಸಿದವು, ಮತ್ತು ಅದೇ ತೀರಗಳ ಇನ್ನೊಂದು ಪದರದಲ್ಲಿ ಅಂಥವೇ ಕಣಗಳು ತೈಲವನ್ನು ಸೂಕ್ಷ್ಮಜೀವಿಗಳಿಂದ ಹೇಗೆ ದೂರವಿಟ್ಟವು ಎಂಬುದನ್ನು ಈ ಅಧ್ಯಯನದಲ್ಲಿ ನೋಡಬಹುದು.

ಘಟನೆ ಮತ್ತು ತೀರ

1989ರ ಮಾರ್ಚ್ 24ರಂದು ನಡುರಾತ್ರಿ ಕಳೆದ ಕೆಲವೇ ನಿಮಿಷಗಳಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬ್ಲೈ ರೀಫ್ ಎಂಬ ಬಂಡೆಸಾಲಿಗೆ ಬಡಿದು, ಅದರ 11 ಸರಕು ಟ್ಯಾಂಕುಗಳ ಪೈಕಿ 8 ಒಡೆದವು. ಅಲಾಸ್ಕದ ಉತ್ತರ ಇಳಿಜಾರಿನ ತೈಲಬಾವಿಗಳಿಂದ ಬಂದ ಸುಮಾರು 37,000 ಟನ್ ಕಚ್ಚಾ ತೈಲ ನೀರಿಗೆ ಸೇರಿತು. ಮೊದಲ ಮೂರು ದಿನ ಶಾಂತವಾಗಿದ್ದ ಕಡಲಿಗೆ ಅನಂತರ ಬಿರುಗಾಳಿ ಎರಗಿ ತೈಲವನ್ನು ದೂರದೂರಕ್ಕೆ ಚದುರಿಸಿದ್ದರಿಂದ ಸುಮಾರು 2,100 ಕಿ.ಮೀ. ಉದ್ದದ ತೀರರೇಖೆಗೆ ಒಂದಲ್ಲ ಒಂದು ಪ್ರಮಾಣದಲ್ಲಿ ತೈಲ ತಗುಲಿತು. ಇದರಲ್ಲಿ ಸುಮಾರು 320 ಕಿ.ಮೀ. ತೀರಕ್ಕೆ ಬಿದ್ದ ಹೊರೆ ತೀವ್ರವಾದದ್ದು.

ಈ ಪ್ರಕರಣವನ್ನು ಅರಿಯಲು ಆ ತೀರ ಎಂಥದೆಂದು ತಿಳಿದಿರಬೇಕು. ನಮ್ಮ ಕರಾವಳಿಯ ಮರಳಿನ ದಂಡೆಗಳಂತೆ ಅದು ಇಲ್ಲ. ಬಂಡೆ, ಗುಂಡುಕಲ್ಲು ಮತ್ತು ಜಲ್ಲಿಗಳಿಂದಾದ ಕಿರಿದಾದ ತೀರಗಳು, ಅವುಗಳ ಹಿಂದೆಯೇ ಕಡಿದಾದ ಬೆಟ್ಟ, ಬೆಟ್ಟದ ಮೇಲೆ ಹಿಮನದಿ. ಉಬ್ಬರ ಮತ್ತು ಇಳಿತದ ನಡುವೆ ನೀರಿನ ಮಟ್ಟ 4 ಮೀಟರಿನ ಆಸುಪಾಸಿನಲ್ಲಿ ಏರಿಳಿಯುತ್ತದೆ. ಬೆಟ್ಟದಿಂದ ಇಳಿಯುವ ಹಿಮನದಿ ತನ್ನ ಅಡಿಯಲ್ಲಿರುವ ಬಂಡೆಯನ್ನು ಅರೆದು ಅತಿ ನುಣುಪಾದ ಪುಡಿಯನ್ನಾಗಿ ಮಾಡುತ್ತದೆ. ಕರಗಿದ ನೀರಿನೊಂದಿಗೆ ಈ ಬಂಡೆಹಿಟ್ಟು ಕಡಲಿಗೆ ಸೇರಿ, ಬೇಸಿಗೆಯಲ್ಲಿ ನೀರಿಗೆ ಹಾಲು ಬೆರೆಸಿದಂಥ ಬಣ್ಣ ತರುತ್ತದೆ. ಅಲಾಸ್ಕ ಕೊಲ್ಲಿಯ ಕಡಲತಳದ ಜೇಡಿಯಲ್ಲಿ ಕ್ಲೋರೈಟ್ ಮತ್ತು ಇಲೈಟ್ ಖನಿಜಗಳೇ ಮುಖ್ಯವಾದವು. ಬೆಚ್ಚನೆಯ ಮಳೆನಾಡುಗಳಲ್ಲಿ ಬಂಡೆ ರಾಸಾಯನಿಕವಾಗಿ ಕೊಳೆತು ಜೇಡಿಯಾಗುತ್ತದೆ. ಇಲ್ಲಿ ಬಂಡೆ ಅರೆಯಲ್ಪಟ್ಟು ಜೇಡಿಯ ಗಾತ್ರಕ್ಕೆ ಇಳಿದಿದೆ. ಆದ್ದರಿಂದ ಈ ಬಂಡೆಹಿಟ್ಟಿನಲ್ಲಿ ನಿಜವಾದ ಜೇಡಿ ಖನಿಜಗಳ ಜೊತೆಗೆ, 2 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣದಾಗಿ ಒಡೆದ ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್ ಕಣಗಳೂ ಬೆರೆತಿರುತ್ತವೆ. ಮುಂದೆ ನಡೆದುದರಲ್ಲಿ ಕಣದ ಜಾತಿಯಷ್ಟೇ ಅದರ ಗಾತ್ರಕ್ಕೂ ಮಹತ್ವವಿದೆ.

ಕಣವು ತೈಲವನ್ನು ಹಿಡಿಯುವ ಬಗೆ

ತೀರದ ಕಲ್ಲುಗಳನ್ನು ತಂದು ಸಮುದ್ರದ ನೀರಿನಲ್ಲಿ ಮೆಲ್ಲಗೆ ಅಲುಗಿಸಿದಾಗ ತೈಲವು ಅಂಟಾದ ಪದರವಾಗಿ ಉಳಿಯದೆ ಸಣ್ಣ ಸಣ್ಣ ಗುಚ್ಛಗಳಾಗಿ ಬಿಟ್ಟುಕೊಂಡಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಗುಚ್ಛದಲ್ಲಿಯೂ ತೈಲದ ಕಿರುಹನಿಗಳು, ಅವುಗಳ ಸುತ್ತ ಖನಿಜ ಕಣಗಳ ಹೊದಿಕೆ. ಜೇಮ್ಸ್ ಬ್ರ್ಯಾಗ್ ಮತ್ತು ಎಡ್ವರ್ಡ್ ಓವೆನ್ಸ್ ಮುಂತಾದವರು 1990ರ ದಶಕದ ಮೊದಲ ಅರ್ಧದಲ್ಲಿ ಈ ಪ್ರಕ್ರಿಯೆಯನ್ನು ವಿವರವಾಗಿ ಬರೆದಿಟ್ಟರು. ಅದನ್ನು ಮೊದಲು ಜೇಡಿ-ತೈಲ ಗುಚ್ಛೀಕರಣ ಎಂದರು. ಜೇಡಿಯಲ್ಲದ ಸಣ್ಣ ಕಣಗಳೂ ಇದೇ ಕೆಲಸ ಮಾಡುತ್ತವೆಂದು ತಿಳಿದ ಮೇಲೆ ತೈಲ-ಖನಿಜ ಗುಚ್ಛ ಎಂಬ ವಿಶಾಲವಾದ ಹೆಸರು ಬಳಕೆಗೆ ಬಂದಿತು.

ಇದರ ಹಿಂದಿನ ಭೌತಿಕ ಕಾರಣ ಹೀಗಿದೆ. ಜೇಡಿ ಕಣದ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿರುತ್ತದೆ. ಗಾಳಿ ಬಿಸಿಲುಗಳಿಗೆ ಒಡ್ಡಿಕೊಂಡ ತೈಲದಲ್ಲಿ ಆಮ್ಲಜನಕ, ಸಾರಜನಕ, ಗಂಧಕಗಳುಳ್ಳ ಧ್ರುವೀಯ ಅಣುಗಳ ಪಾಲು ಹೆಚ್ಚಿರುವುದರಿಂದ ತೈಲದ ಹನಿಯ ಮೇಲ್ಮೈಯೂ ಋಣ ವಿದ್ಯುದಂಶ ಪಡೆಯುತ್ತದೆ. ಸಿಹಿನೀರಿನಲ್ಲಿ ಇವೆರಡೂ ಒಂದನ್ನೊಂದು ದೂರ ತಳ್ಳುತ್ತವೆ. ಸಮುದ್ರದ ನೀರಿನಲ್ಲಿ ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಧನ ಅಯಾನುಗಳು ದಟ್ಟವಾಗಿರುವುದರಿಂದ ಈ ವಿಕರ್ಷಣೆಯ ವ್ಯಾಪ್ತಿ ಒಂದು ನ್ಯಾನೊಮೀಟರಿಗಿಂತ ಕಡಿಮೆಗೆ ಕುಗ್ಗುತ್ತದೆ. ಕಣ ಮತ್ತು ಹನಿ ಹತ್ತಿರ ಬಂದು ಅಂಟಿಕೊಳ್ಳಲು ಸಾಧ್ಯವಾಗುತ್ತದೆ. ಒಮ್ಮೆ ಹನಿಯ ಸುತ್ತ ಕಣಗಳು ಕೂತ ಮೇಲೆ ಆ ಹನಿ ಇನ್ನೊಂದು ಹನಿಯೊಂದಿಗೆ ಸೇರಿ ದೊಡ್ಡದಾಗಲಾರದು, ಕಲ್ಲಿಗೆ ಮರಳಿ ಅಂಟಿಕೊಳ್ಳಲೂ ಆಗದು. ಹೀಗಾಗಿ ಉಬ್ಬರದ ನೀರು ಮೆಲ್ಲಗೆ ಬಂದು ಹಿಂದೆ ಸರಿಯುವಷ್ಟು ಚಲನೆಯೂ ತೈಲವನ್ನು ಕಲ್ಲಿನಿಂದ ಬಿಡಿಸಲು ಸಾಕಾಗುತ್ತದೆ.

ಈ ಸಂಶೋಧನೆಯ ಮೊದಲ ಭಾಗ ನಡೆದದ್ದು ತೈಲ ಚೆಲ್ಲಿದ ಕಂಪನಿಯದೇ ಪ್ರಯೋಗಾಲಯಗಳಲ್ಲಿ ಎಂಬುದನ್ನು ಓದುಗರು ಗಮನಿಸಬೇಕು. ನಿಸರ್ಗ ತಾನಾಗಿ ಶುದ್ಧವಾಗುತ್ತಿದೆ ಎಂಬ ತೀರ್ಮಾನದಿಂದ ಆ ಕಂಪನಿಗೆ ಅನುಕೂಲವಿತ್ತು. ಆದರೆ ಕೆನಡಾ ಸರ್ಕಾರದ ಮೀನುಗಾರಿಕೆ ಮತ್ತು ಸಾಗರ ಇಲಾಖೆಯಲ್ಲಿದ್ದ ಕೆನೆತ್ ಲೀ ಮತ್ತು ಸಂಗಡಿಗರು ಬೇರೆ ತೈಲಗಳು ಮತ್ತು ಬೇರೆ ಕೆಸರುಗಳನ್ನು ಬಳಸಿ ಇದೇ ಪ್ರಕ್ರಿಯೆಯನ್ನು ಖಚಿತಪಡಿಸಿದರು. 1996ರ ಫೆಬ್ರವರಿಯಲ್ಲಿ ವೇಲ್ಸ್‌ನ ಮಿಲ್ಫರ್ಡ್ ಹೇವನ್ ಬಳಿ ಸೀ ಎಂಪ್ರೆಸ್ ಹಡಗಿನಿಂದ ಸುಮಾರು 72,000 ಟನ್ ತೈಲ ಸೋರಿದಾಗ, ಆಮ್ರಾತ್ ತೀರದ ತೈಲ ಹತ್ತಿದ ಕಲ್ಲುಗಳನ್ನು ಯಂತ್ರಗಳಿಂದ ಕೆಳಗಿನ ಉಬ್ಬರವಲಯಕ್ಕೆ ತಳ್ಳಿ, ಅಲ್ಲಿನ ಸೂಕ್ಷ್ಮ ಕಣಗಳೊಂದಿಗೆ ತೈಲ ಗುಚ್ಛವಾಗುವಂತೆ ಮಾಡಿದ ಪ್ರಯೋಗವೂ ಫಲ ಕೊಟ್ಟಿತು. ಹೀಗಾಗಿ ಪ್ರಕ್ರಿಯೆ ನಡೆಯುತ್ತದೆಯೇ ಎಂಬ ಪ್ರಶ್ನೆ ಈಗ ಉಳಿದಿಲ್ಲ. ಗುಚ್ಛವಾಗಿ ನೀರಿಗಿಳಿದ ತೈಲದ ಮುಂದಿನ ಗತಿ ಏನು ಎಂಬುದೇ ವಿಚಾರ ಮಾಡಬೇಕಾದ ಪ್ರಶ್ನೆ. ಅದು ಬರೀ ಕಣ್ಣಿಗೆ ಮರೆಯಾಗಿದ್ದರೆ ಮಾಲಿನ್ಯ ತೀರದಿಂದ ಕಡಲತಳಕ್ಕೆ ಸ್ಥಳಾಂತರವಾಯಿತೇ ಹೊರತು ನಾಶವಾಗಲಿಲ್ಲ.

ಸೂಕ್ಷ್ಮಜೀವಿಗೆ ದೊರೆತದ್ದು

ತೈಲವನ್ನು ಆಹಾರವಾಗಿ ಬಳಸುವ ಬ್ಯಾಕ್ಟೀರಿಯಾಗಳು ಎಲ್ಲ ಸಮುದ್ರಗಳಲ್ಲಿಯೂ ಅಲ್ಪ ಸಂಖ್ಯೆಯಲ್ಲಿ ಇದ್ದೇ ಇರುತ್ತವೆ. ಇಂಗಾಲದ ಪರಮಾಣುಗಳು ನೇರ ಸರಪಣಿಯಾಗಿರುವ ಆಲ್ಕೇನುಗಳನ್ನು ಮುಖ್ಯವಾಗಿ ತಿನ್ನುವ ಆಲ್ಕನಿವೋರಾಕ್ಸ್, ಇಂಗಾಲದ ಉಂಗುರಗಳು ಕೂಡಿಕೊಂಡ ಬಹುವರ್ತುಲ ಆರೊಮ್ಯಾಟಿಕ್ ಸಂಯುಕ್ತಗಳನ್ನು ಒಡೆಯುವ ಸೈಕ್ಲೋಕ್ಲಾಸ್ಟಿಕಸ್ ಇವುಗಳಲ್ಲಿ ಹೆಸರಾದವು. ತೈಲ ಬಂದೊಡನೆ ಇವುಗಳ ಸಂಖ್ಯೆ ಏರುತ್ತದೆ. ಆದರೆ ಏರಿಕೆಗೆ ಮೂರು ಅಡ್ಡಿಗಳಿವೆ. ತೈಲ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ತೈಲ ಮತ್ತು ನೀರು ಸಂಧಿಸುವ ಮೇಲ್ಮೈಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಕೆಲಸ ಮಾಡಬಲ್ಲದು. ತೈಲದಲ್ಲಿ ಇಂಗಾಲ ಹೇರಳವಾಗಿದ್ದರೂ ಜೀವಕೋಶ ಕಟ್ಟಲು ಬೇಕಾದ ಸಾರಜನಕ ಮತ್ತು ರಂಜಕ ಬಹುತೇಕ ಇಲ್ಲ. ತೈಲದ ಮುಖ್ಯ ಅಂಶವಾದ ಹೈಡ್ರೋಕಾರ್ಬನ್ನನ್ನು ಒಡೆಯುವ ಮೊದಲ ಹೆಜ್ಜೆಗೇ ಆಮ್ಲಜನಕ ಬೇಕು.

ಮೊದಲ ಅಡ್ಡಿಯನ್ನು ಗುಚ್ಛೀಕರಣ ನೇರವಾಗಿ ನಿವಾರಿಸಿತು. ಇದರ ಪ್ರಮಾಣವನ್ನು ಸರಳ ಲೆಕ್ಕದಿಂದ ಮನಗಾಣಬಹುದು. ಒಂದು ಲೀಟರ್ ತೈಲ ಕಲ್ಲಿನ ಮೇಲೆ 1 ಮಿ.ಮೀ. ದಪ್ಪದ ಪದರವಾಗಿ ಹರಡಿದ್ದರೆ ನೀರಿಗೆ ತೆರೆದಿರುವ ಮೇಲ್ಮೈ 1 ಚದರ ಮೀಟರ್. ಅದೇ ಲೀಟರ್ ತೈಲ 10 ಮೈಕ್ರಾನ್ ವ್ಯಾಸದ ಹನಿಗಳಾದರೆ ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ಖನಿಜ ಕಣಗಳು ಹನಿಯನ್ನು ಪೂರ್ತಿ ಮುಚ್ಚುವುದಿಲ್ಲ. ಕಣ ಕಣಗಳ ನಡುವೆ ಸಂದುಗಳಿದ್ದು, ಸುಮಾರು ಒಂದು ಮೈಕ್ರಾನ್ ಗಾತ್ರದ ಬ್ಯಾಕ್ಟೀರಿಯಾ ಅಲ್ಲಿ ನೆಲೆಸಬಹುದು. ವೈಸ್, ನಲೆವಾಯ್ಕೊ ಮತ್ತು ಲೀ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಮುದ್ರದ ನೀರಿನಲ್ಲಿ ಖನಿಜ ಕಣಗಳೊಂದಿಗೆ ಗುಚ್ಛವಾದ ತೈಲ ಹೆಚ್ಚು ಬೇಗ ಜೈವಿಕ ವಿಘಟನೆಗೆ ಒಳಗಾಯಿತೆಂದು ಕಂಡಿತು.

ಎರಡನೆಯ ಅಡ್ಡಿ, ಅಂದರೆ ಪೋಷಕಾಂಶಗಳ ಕೊರತೆ, ಅಲಾಸ್ಕದಲ್ಲಿ ಬಹು ದೊಡ್ಡ ಪ್ರಮಾಣದ ಮಾನವ ಪ್ರಯತ್ನಕ್ಕೆ ಕಾರಣವಾಯಿತು. 1989ರ ಜೂನ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೈಟ್ ದ್ವೀಪದ ಸ್ನಗ್ ಹಾರ್ಬರ್‌ನಲ್ಲಿ ಗೊಬ್ಬರದ ಪ್ರಯೋಗ ನಡೆಸಿತು. ತೈಲಕ್ಕೆ ಅಂಟಿಕೊಳ್ಳುವ ಇನಿಪೋಲ್ ಎಂಬ ದ್ರವ ಗೊಬ್ಬರ ಸಿಂಪಡಿಸಿದ ಕಲ್ಲುಗಳ ಮೇಲೆ ಎರಡು ಮೂರು ವಾರಗಳಲ್ಲಿಯೇ ಸುತ್ತಲಿನ ಕಪ್ಪಿಗಿಂತ ಬೇರೆಯಾಗಿ ಕಾಣುವ ಸ್ವಚ್ಛವಾದ ಚೌಕ ಮೂಡಿತು. ಅದೇ ಬೇಸಿಗೆಯಲ್ಲಿ ಸುಮಾರು 120 ಕಿ.ಮೀ. ತೀರಕ್ಕೆ ಈ ದ್ರವವನ್ನೂ, ನಿಧಾನವಾಗಿ ಕರಗುವ ಕಸ್ಟಮ್‌ಬ್ಲೆನ್ ಎಂಬ ಹರಳು ಗೊಬ್ಬರವನ್ನೂ ಹಾಕಲಾಯಿತು. ಮುಂದಿನ ವರ್ಷಗಳ ಬಳಕೆಯನ್ನೂ ಸೇರಿಸಿದರೆ ತೀರಕ್ಕೆ ಬಿದ್ದ ಸಾರಜನಕ ಸುಮಾರು 50 ಟನ್. ಕೆಲಸ ಮಾಡಿದ್ದು ಗೊಬ್ಬರವೋ ಅಥವಾ ಮಳೆ, ಉಬ್ಬರಗಳೋ ಎಂಬ ಸಂದೇಹವನ್ನು ಬಗೆಹರಿಸಲು ಕಚ್ಚಾ ತೈಲದಲ್ಲಿಯೇ ಇರುವ ಹೋಪೇನ್ ಎಂಬ ಸಂಯುಕ್ತವನ್ನು ಅಳತೆಗೋಲಾಗಿ ಬಳಸಿದರು. ಬ್ಯಾಕ್ಟೀರಿಯಾಗಳು ಹೋಪೇನನ್ನು ಸುಲಭವಾಗಿ ಮುಟ್ಟುವುದಿಲ್ಲವಾದ್ದರಿಂದ, ತೈಲ ಬರೀ ಕೊಚ್ಚಿಹೋದರೆ ಹೋಪೇನೂ ಅದರೊಂದಿಗೆ ಅದೇ ಪ್ರಮಾಣದಲ್ಲಿ ಹೋಗುತ್ತದೆ. ತೈಲವನ್ನು ಬ್ಯಾಕ್ಟೀರಿಯಾ ತಿಂದಿದ್ದರೆ ಉಳಿದ ತೈಲದಲ್ಲಿ ಹೋಪೇನಿನ ಪಾಲು ಏರುತ್ತದೆ. ಬ್ರ್ಯಾಗ್, ಪ್ರಿನ್ಸ್, ಹಾರ್ನರ್ ಮತ್ತು ಅಟ್ಲಾಸ್ 1994ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಗೊಬ್ಬರದಿಂದ ವಿಘಟನೆಯ ವೇಗ ನಿಶ್ಚಯವಾಗಿ ಹೆಚ್ಚಿತು, ಮತ್ತು ಆ ವೇಗವನ್ನು ಮುಖ್ಯವಾಗಿ ನಿರ್ಧರಿಸಿದವುಗಳಲ್ಲಿ ಒಂದು ತೀರದ ಒಳಗಿನ ಸಾರಜನಕದ ಸಾಂದ್ರತೆ.

ಈ ಕೊನೆಯ ಮಾತು ನಮ್ಮನ್ನು ಮತ್ತೆ ಜೇಡಿಯ ಕಡೆಗೆ ತರುತ್ತದೆ. ಜೇಡಿ ಕಣದ ಋಣ ವಿದ್ಯುದಂಶ ಅಮೋನಿಯಂ ಅಯಾನನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡಬಲ್ಲದು. ನೈಟ್ರೇಟ್ ಸ್ವತಃ ಋಣ ಅಯಾನಾದ್ದರಿಂದ ಅದಕ್ಕೆ ಈ ಆಸರೆ ಇಲ್ಲ, ಅದು ನೀರಿನೊಂದಿಗೆ ಹರಿದುಹೋಗುತ್ತದೆ. ದಿನಕ್ಕೆರಡು ಬಾರಿ ಉಬ್ಬರದ ನೀರು ನುಗ್ಗಿ ಇಳಿಯುವ ಜಲ್ಲಿತೀರದಲ್ಲಿ ಗೊಬ್ಬರವನ್ನು ಮತ್ತೆ ಮತ್ತೆ ಹಾಕಬೇಕಾಗಿ ಬಂದದ್ದು, ಅದು ಉಳಿದುಕೊಳ್ಳಲೆಂದೇ ತೈಲಕ್ಕೆ ಅಂಟುವ ಅಥವಾ ನಿಧಾನವಾಗಿ ಕರಗುವ ರೂಪಗಳನ್ನು ಆರಿಸಬೇಕಾದದ್ದು ಅಲ್ಲಿನ ಕಲ್ಲುಗಳ ನಡುವೆ ಪೋಷಕಾಂಶವನ್ನು ಹಿಡಿದಿಡುವ ಜೇಡಿಯ ಪಾಲು ಕಡಿಮೆ ಇದ್ದುದರಿಂದಲೂ ಇರಬೇಕೆಂದು ನನ್ನ ಅಭಿಪ್ರಾಯ.

ಜೇಡಿಯಲ್ಲಿ ಜಾತಿಭೇದ

ಜೇಡಿ ಎಂದೊಡನೆ ಒಂದೇ ವಸ್ತುವೆಂದು ಭಾವಿಸಿದರೆ ಈ ವಿಷಯ ಅರ್ಥವಾಗುವುದಿಲ್ಲ. ಉತ್ತರ ಕರ್ನಾಟಕದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಅಗಲವಾಗಿ ಬಿರಿಯುವುದು ಅದರಲ್ಲಿರುವ ಸ್ಮೆಕ್ಟೈಟ್ ಗುಂಪಿನ ಖನಿಜಗಳಿಂದ. ಕರಾವಳಿಯ ಕೆಂಪು ಜಂಬಿಟ್ಟಿಗೆ ಮಣ್ಣು ಹಾಗೆ ಬಿರಿಯದಿರುವುದು ಅದರ ಜೇಡಿ ಬಹುಮಟ್ಟಿಗೆ ಕೇಯೊಲಿನೈಟ್ ಆಗಿರುವುದರಿಂದ. ಸ್ಮೆಕ್ಟೈಟ್ ಗುಂಪಿನ ಮಾಂಟ್‌ಮೊರಿಲೊನೈಟ್‌ನಲ್ಲಿ ಪದರಗಳ ನಡುವೆ ನೀರು ಮತ್ತು ಅಯಾನುಗಳು ಒಳಹೋಗುವುದರಿಂದ ಒಂದು ಗ್ರಾಂಗೆ ಒಳಮೈ ಹೊರಮೈ ಸೇರಿ 700 ಚದರ ಮೀಟರಿಗೂ ಹೆಚ್ಚು ಮೇಲ್ಮೈ ದೊರೆಯುತ್ತದೆ; ಕೇಯೊಲಿನೈಟ್‌ನಲ್ಲಿ ಇದು ಸಾಮಾನ್ಯವಾಗಿ 10ರಿಂದ 20 ಚದರ ಮೀಟರ್ ಮಾತ್ರ. ಅಯಾನುಗಳನ್ನು ವಿನಿಮಯ ಮಾಡಿಕೊಳ್ಳುವ ಸಾಮರ್ಥ್ಯವೂ ಇದೇ ರೀತಿ ಬೇರೆಯಾಗಿದೆ: 100 ಗ್ರಾಂಗೆ ಮಾಂಟ್‌ಮೊರಿಲೊನೈಟ್‌ನಲ್ಲಿ 80ರಿಂದ 150 ಮಿಲಿಈಕ್ವಿವಲೆಂಟ್ (ವಿನಿಮಯವಾಗುವ ಅಯಾನುಗಳ ವಿದ್ಯುದಂಶವನ್ನು ಎಣಿಸುವ ಮಾನ), ಇಲೈಟ್‌ನಲ್ಲಿ 10ರಿಂದ 40, ಕೇಯೊಲಿನೈಟ್‌ನಲ್ಲಿ 3ರಿಂದ 15. ಅಲಾಸ್ಕದ ಇಲೈಟ್ ಮತ್ತು ಕ್ಲೋರೈಟ್ ಈ ಸಾಲಿನ ನಡುವಿನ ಮತ್ತು ಕೆಳಗಿನ ಭಾಗಕ್ಕೆ ಸೇರಿದವು.

ಜೇಡಿಯ ಜಾತಿಯನ್ನು ಅವಲಂಬಿಸಿ ಬ್ಯಾಕ್ಟೀರಿಯಾಗಳ ಚಟುವಟಿಕೆ ಬದಲಾಗುತ್ತದೆ ಎಂಬುದನ್ನು ತೈಲದ ಮಾತು ಬರುವುದಕ್ಕೂ ಬಹಳ ಹಿಂದೆ, 1966ರಲ್ಲಿ, ಗುಂಥರ್ ಸ್ಟಾಟ್ಸ್‌ಕಿ ಮತ್ತು ರೆಮ್ ತೋರಿಸಿದ್ದರು. ಬ್ಯಾಕ್ಟೀರಿಯಾಗಳು ಬೆಳೆಯುತ್ತ ಆಮ್ಲವನ್ನು ಉತ್ಪಾದಿಸಿ ತಮ್ಮ ಪರಿಸರವನ್ನು ತಾವೇ ಕೆಡಿಸಿಕೊಳ್ಳುತ್ತವೆ. ಮಾಂಟ್‌ಮೊರಿಲೊನೈಟ್ ಇದ್ದಾಗ ಆಮ್ಲದ ಹೈಡ್ರೋಜನ್ ಅಯಾನುಗಳು ಜೇಡಿಗೆ ಸೇರಿ ಜೇಡಿಯ ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿಗೆ ಬರುವುದರಿಂದ ಪಿಎಚ್ ಅನುಕೂಲಕರವಾಗಿ ಉಳಿದು ಉಸಿರಾಟ ಚುರುಕಾಗುತ್ತದೆ. ಕೇಯೊಲಿನೈಟ್‌ನಿಂದ ಅಂಥ ಪರಿಣಾಮ ಹೆಚ್ಚು ಕಾಣಲಿಲ್ಲ.

ಕಚ್ಚಾ ತೈಲವನ್ನೇ ಇಟ್ಟುಕೊಂಡು ಈ ಪ್ರಶ್ನೆಯನ್ನು ಕೇಳಿದವರು ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು. ಉಗೊಚುಕ್ವು ಮತ್ತು ಸಂಗಡಿಗರು 2014ರ ಸುಮಾರಿಗೆ ಪ್ರಕಟಿಸಿದ ಪ್ರಯೋಗಗಳಲ್ಲಿ ತೈಲದ ಪರ್ಯಾಪ್ತ ಹೈಡ್ರೋಕಾರ್ಬನ್ನುಗಳ, ಅಂದರೆ ಆಲ್ಕೇನುಗಳಂಥವುಗಳ, ವಿಘಟನೆಯನ್ನು ಮಾಂಟ್‌ಮೊರಿಲೊನೈಟ್ ಮತ್ತು ಪ್ಯಾಲಿಗೊರ್ಸ್‌ಕೈಟ್ ಎಂಬ ಇನ್ನೊಂದು ಜೇಡಿ ಖನಿಜ ಚುರುಕುಗೊಳಿಸಿದವು, ಸ್ಯಾಪೊನೈಟ್ ಎಂಬ ಜೇಡಿ ಯಾವ ಕಡೆಗೂ ವಾಲಲಿಲ್ಲ, ಕೇಯೊಲಿನೈಟ್ ಅಡ್ಡಿಯಾಯಿತು. ಆಮ್ಲದಿಂದ ಸಂಸ್ಕರಿಸಿದ ಜೇಡಿ ಮತ್ತು ನೀರನ್ನು ಒಲ್ಲದ ಸಾವಯವ ಅಣುಗಳನ್ನು ತುಂಬಿದ ಜೇಡಿ, ಇವೆರಡೂ ವಿಘಟನೆಯನ್ನು ತಡೆದವು. ತೈಲವನ್ನು ಚೆನ್ನಾಗಿ ಹೀರಲೆಂದು ಕಾರ್ಖಾನೆಗಳಲ್ಲಿ ತಯಾರಿಸುವ ಸಾವಯವ ಜೇಡಿಯೇ ಬ್ಯಾಕ್ಟೀರಿಯಾಗೆ ತೊಡಕಾಗುವುದು ಗಮನಿಸತಕ್ಕ ಸಂಗತಿ. ತೈಲವನ್ನು ನೀರಿನಿಂದ ತೆಗೆಯುವುದು ಮತ್ತು ತೈಲವನ್ನು ಇಲ್ಲವಾಗಿಸುವುದು ಎರಡು ಬೇರೆ ಗುರಿಗಳು, ಒಂದಕ್ಕೆ ಒದಗುವ ವಸ್ತು ಇನ್ನೊಂದಕ್ಕೆ ಒದಗಬೇಕೆಂದಿಲ್ಲ. ಪದರಗಳ ನಡುವಿನ ಅಯಾನು ಯಾವುದು ಎಂಬುದೂ ಮುಖ್ಯವೆಂದು ಇದೇ ತಂಡ ಆರೊಮ್ಯಾಟಿಕ್ ಸಂಯುಕ್ತಗಳ ಮೇಲೆ ನಡೆಸಿದ ಅಧ್ಯಯನ ತಿಳಿಸುತ್ತದೆ. ಕ್ಯಾಲ್ಸಿಯಂ ಅಥವಾ ಕಬ್ಬಿಣ ತುಂಬಿದ ಮಾಂಟ್‌ಮೊರಿಲೊನೈಟ್ ವಿಘಟನೆಗೆ ಸಹಾಯ ಮಾಡಿತು. ಪೊಟ್ಯಾಸಿಯಂ ಅಥವಾ ಸತು ತುಂಬಿದ ಅದೇ ಖನಿಜದಿಂದ ಆ ಸಹಾಯ ಸಿಗಲಿಲ್ಲ. ಅಲ್ಲಿ ಆರೊಮ್ಯಾಟಿಕ್‌ಗಳ ಗಣನೀಯ ಪಾಲು, ಜೇಡಿ ಮತ್ತು ತೈಲದ ಅನುಪಾತ 5:1 ಇದ್ದಾಗ ಸುಮಾರು 45 ಶೇಕಡ, ಬರೀ ಜೇಡಿಗೆ ಅಂಟಿಕೊಂಡು ಮರೆಯಾಗಿತ್ತು. ಅಂಟಿಕೊಂಡದ್ದನ್ನೂ ವಿಘಟನೆಯೆಂದು ಲೆಕ್ಕ ಹಾಕುವ ಅಪಾಯ ಇಂಥ ಎಲ್ಲ ಪ್ರಯೋಗಗಳಲ್ಲಿಯೂ ಇದೆ.

ಕೇಯೊಲಿನೈಟ್ ಬಗೆಗೆ ಎದುರು ಸಾಕ್ಷ್ಯವೂ ಇದೆ. 1997ರ ಜನವರಿಯಲ್ಲಿ ಜಪಾನ್ ಸಮುದ್ರದಲ್ಲಿ ರಷ್ಯಾದ ನಖೋದ್ಕ ಹಡಗು ಎರಡಾಗಿ ಮುರಿದು 6,000 ಟನ್ನಿಗೂ ಹೆಚ್ಚು ಭಾರವಾದ ಇಂಧನ ತೈಲ ಸೋರಿದ ಮೇಲೆ, ಕನಜಾವ ವಿಶ್ವವಿದ್ಯಾಲಯದ ಚೈರುನ್ ಮತ್ತು ತಜಾಕಿ ಆ ತೀರದ ಸ್ಥಳೀಯ ಬ್ಯಾಕ್ಟೀರಿಯಾಗಳನ್ನು ಅಧ್ಯಯನ ಮಾಡಿ, ತೈಲದಿಂದ ಕೆಟ್ಟ ಸಮುದ್ರನೀರಿನ ಶುದ್ಧೀಕರಣದಲ್ಲಿ ಕೇಯೊಲಿನೈಟ್‌ಗೆ ಪ್ರಮುಖ ಪಾತ್ರವಿದೆ ಎಂದು 2005ರಲ್ಲಿ ಬರೆದರು. ನ್ಯೂಕ್ಯಾಸಲ್ ಮತ್ತು ಕನಜಾವದ ತೀರ್ಮಾನಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದು ಹೇಳಲು ನನಗೆ ಕಾರಣ ಕಾಣುವುದಿಲ್ಲ. ತೈಲ ಬೇರೆ, ನೀರು ಬೇರೆ, ಬ್ಯಾಕ್ಟೀರಿಯಾಗಳ ಸಮುದಾಯ ಬೇರೆ. ಖನಿಜದ ಹೆಸರೊಂದರಿಂದಲೇ ಫಲಿತಾಂಶವನ್ನು ಮುಂದಾಗಿ ಹೇಳಲು ಬರುವುದಿಲ್ಲ ಎಂಬುದನ್ನು ಇವೆರಡೂ ಸೇರಿ ತೋರಿಸುತ್ತವೆ. ಪ್ರಿನ್ಸ್ ವಿಲಿಯಂ ಸೌಂಡ್‌ನ ಬಂಡೆಹಿಟ್ಟು ಪ್ರಯೋಗಾಲಯದ ಅತ್ಯುತ್ತಮ ಜೇಡಿಗಳ ಸಾಲಿಗೆ ಸೇರದೆಯೂ ತೈಲವನ್ನು ಹನಿಹನಿಯಾಗಿ ಒಡೆದು ನೀರಿಗೊಪ್ಪಿಸಿತಲ್ಲವೆ? ತೀರದಲ್ಲಿ ಆ ಕಣಗಳು ಎಲ್ಲಿದ್ದವು ಎಂಬುದೇ ಅಲ್ಲಿ ಹೆಚ್ಚು ನಿರ್ಣಾಯಕವಾಯಿತು.

ಬಿಸಿನೀರಿನ ತೊಳೆತ

1989ರ ಬೇಸಿಗೆಯಲ್ಲಿ ಶುಚಿಕಾರ್ಯದ ಮುಖ್ಯ ವಿಧಾನಗಳಲ್ಲಿ ಒಂದು, ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಸಮುದ್ರನೀರನ್ನು ಅತಿ ಒತ್ತಡದಲ್ಲಿ ತೀರಕ್ಕೆ ಹಾಯಿಸಿ ತೈಲವನ್ನು ಕೆಳಕ್ಕೆ ಇಳಿಸಿ ಸಂಗ್ರಹಿಸುವುದು. ಉತ್ತುಂಗದ ದಿನಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸದಲ್ಲಿದ್ದರು. ಟಿವಿ ನೋಡುತ್ತಿದ್ದವರಿಗೆ ಕಲ್ಲುಗಳು ಬೆಳ್ಳಗಾಗುವುದು ಕಾಣುತ್ತಿತ್ತು, ಏನೋ ನಡೆಯುತ್ತಿದೆ ಎಂಬ ಸಮಾಧಾನ ಸಿಗುತ್ತಿತ್ತು. ಆದರೆ ತೈಲವನ್ನು ಸಹಿಸಿ ಬದುಕಿದ್ದ ಕಪ್ಪೆಚಿಪ್ಪು, ಬಸವನಹುಳು, ಕಡಲಪಾಚಿಗಳನ್ನು ಆ ಬಿಸಿನೀರು ಬೇಯಿಸಿತು. ಜೊತೆಗೆ ಕಲ್ಲುಗಳ ಸಂದಿನಲ್ಲಿದ್ದ ಸೂಕ್ಷ್ಮ ಕಣಗಳನ್ನು ಕೊಚ್ಚಿಕೊಂಡು ಹೋಯಿತು. ತೊಳೆದ ತೀರಗಳಲ್ಲಿ ಮರಿ ಚಿಪ್ಪುಜೀವಿಗಳು ಮತ್ತೆ ನೆಲೆಗೊಳ್ಳಲು ಅನೇಕ ವರ್ಷ ತಡವಾದುದಕ್ಕೆ ಈ ಕಣಗಳ ನಷ್ಟ ಒಂದು ಕಾರಣವೆಂದು ಅನಂತರದ ಅಧ್ಯಯನಗಳು ಗುರುತಿಸಿವೆ.

ಗುಚ್ಛೀಕರಣದ ತಿಳಿವಳಿಕೆಯ ಬೆಳಕಿನಲ್ಲಿ ನೋಡಿದರೆ ಈ ನಷ್ಟಕ್ಕೆ ಇನ್ನೊಂದು ಮುಖವಿದೆ. ತೈಲವನ್ನು ಕಲ್ಲಿನಿಂದ ಬಿಡಿಸಿ ಬ್ಯಾಕ್ಟೀರಿಯಾಗಳಿಗೆ ಒದಗಿಸಬೇಕಾದ ಕಣಗಳನ್ನೇ ಮೊದಲು ತೆಗೆದುಹಾಕಿದಂತಾಯಿತು. 1989ರಲ್ಲಿ ಈ ತಿಳಿವಳಿಕೆ ಯಾರಿಗೂ ಇರಲಿಲ್ಲ. ಆದುದರಿಂದ ಆ ಬೇಸಿಗೆಯಲ್ಲಿ ದುಡಿದವರನ್ನು ದೂರುವುದು ನ್ಯಾಯವಲ್ಲ. ಈಗ ಅದೇ ವಿಧಾನವನ್ನು ಹಿಂದುಮುಂದು ನೋಡದೆ ಬಳಸಿದರೆ ಆ ವಿನಾಯಿತಿ ಸಲ್ಲದು.

ಕೆಳಪದರದ ತೈಲ

1992ರ ವೇಳೆಗೆ ಚೆಲ್ಲಿದ ತೈಲ ಏನಾಯಿತೆಂದು ವುಲ್ಫ್ ಮತ್ತು ಸಂಗಡಿಗರು 1994ರಲ್ಲಿ ಲೆಕ್ಕ ಕೊಟ್ಟರು: ಸುಮಾರು ಅರ್ಧದಷ್ಟು ತೀರದಲ್ಲಿ ಮತ್ತು ನೀರಿನಲ್ಲಿ ಜೈವಿಕವಾಗಿ ವಿಘಟನೆಯಾಯಿತು, 20 ಶೇಕಡ ಆವಿಯಾಗಿ ವಾತಾವರಣದಲ್ಲಿ ಒಡೆಯಿತು, 14 ಶೇಕಡವನ್ನು ಮನುಷ್ಯರು ಸಂಗ್ರಹಿಸಿದರು, 13 ಶೇಕಡ ಕಡಲತಳದ ಕೆಸರಿಗೆ ಸೇರಿತು, ತೀರದಲ್ಲಿ ಉಳಿದದ್ದು ಸುಮಾರು 2 ಶೇಕಡ. ಕಡಲತಳಕ್ಕೆ ಸೇರಿದ ಆ 13 ಶೇಕಡವನ್ನು ಮರೆಯಬಾರದು. ಗುಚ್ಛಗಳು ತೈಲಕ್ಕಿಂತ ಭಾರವಾದವು, ಕೊನೆಗೆ ಕೆಲವು ತಳಕ್ಕೆ ಇಳಿಯುತ್ತವೆ; ಅವು ಚದುರಿ, ತೆಳುವಾಗಿ ಹರಡಿ, ಆಮ್ಲಜನಕವಿರುವ ಜಾಗದಲ್ಲಿ ಕೂತರೆ ಮಾತ್ರ ಬ್ಯಾಕ್ಟೀರಿಯಾ ಮುಂದಿನ ಕೆಲಸ ಮಾಡಬಲ್ಲದು.

ತೀರದಲ್ಲಿ ಉಳಿದ 2 ಶೇಕಡವೂ ಕೆಲವೇ ವರ್ಷಗಳಲ್ಲಿ ಮರೆಯಾಗುತ್ತದೆಂದು ಆಗ ಎಲ್ಲರೂ ಎಣಿಸಿದ್ದರು. 2001ರಲ್ಲಿ ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆಯ ವಿಜ್ಞಾನಿಗಳು 91 ತಾಣಗಳಲ್ಲಿ ಸಾವಿರಾರು ಗುಂಡಿ ತೋಡಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ತಾಣಗಳಲ್ಲಿ ತೈಲ ಸಿಕ್ಕಿತು. ಅದರಲ್ಲಿ ಸಾಕಷ್ಟು ಭಾಗ ಗಟ್ಟಿಯಾದ ಡಾಂಬರಾಗಿರಲಿಲ್ಲ; ಹನ್ನೆರಡು ವರ್ಷಗಳ ನಂತರವೂ ದ್ರವರೂಪದಲ್ಲಿ, ಕಡಿಮೆ ವಿಘಟನೆಗೊಂಡು, ಮೇಲ್ಪದರದ ಕಲ್ಲುಗಳ ಅಡಿಯಲ್ಲಿ ಅಡಗಿತ್ತು. 2018ರಲ್ಲಿ ಪ್ರಕಟವಾದ ಅಂದಾಜಿನಂತೆ ಇನ್ನೂ ಸುಮಾರು 227 ಟನ್, ಅಂದರೆ ಚೆಲ್ಲಿದ್ದರ 0.6 ಶೇಕಡದಷ್ಟು ತೈಲ ಹೀಗೆ ಹೂತುಕೊಂಡಿದೆ.

ಇದರ ಕಾರಣವನ್ನು ಹೈಲಾಂಗ್ ಲಿ ಮತ್ತು ಮಿಷೆಲ್ ಬೂಫಡೆಲ್ 2010ರಲ್ಲಿ ನೇಚರ್ ಜಿಯೊಸೈನ್ಸ್ ಪತ್ರಿಕೆಯಲ್ಲಿ ವಿವರಿಸಿದರು. ಈ ತೀರಗಳಲ್ಲಿ ಎರಡು ಪದರಗಳಿವೆ. ಮೇಲ್ಪದರ ಸಡಿಲವಾದ ಕಲ್ಲು ಜಲ್ಲಿಗಳದು. ಕೆಳಪದರದಲ್ಲಿ ಕಲ್ಲುಗಳ ನಡುವಿನ ಸಂದುಗಳನ್ನು ಸಣ್ಣ ಕಣಗಳು ತುಂಬಿ ಬಿಗಿದಿರುವುದರಿಂದ ನೀರು ಹರಿಯುವ ಸುಲಭತೆ ಮೇಲ್ಪದರಕ್ಕಿಂತ ನೂರರಿಂದ ಸಾವಿರ ಪಟ್ಟು ಕಡಿಮೆ. ಬೆಟ್ಟದ ಕಡೆಯಿಂದ ಸಿಹಿನೀರು ಸಾಕಷ್ಟು ಬರುವಲ್ಲಿ ಅಂತರ್ಜಲದ ಮಟ್ಟ ಎರಡು ಪದರಗಳ ಗಡಿಗಿಂತ ಮೇಲೆಯೇ ನಿಂತು ತೈಲವನ್ನು ಕೆಳಗೆ ಇಳಿಯಗೊಡಲಿಲ್ಲ. ಸಿಹಿನೀರು ಕಡಿಮೆ ಇರುವಲ್ಲಿ ಇಳಿತದ ಹೊತ್ತಿಗೆ ಆ ಮಟ್ಟ ಗಡಿಗಿಂತ ಕೆಳಗಿಳಿದಾಗ ತೈಲವೂ ಕೆಳಪದರದೊಳಗೆ ಇಳಿಯಿತು. ಕಿರಿದಾದ ಸಂದುಗಳ ಲೋಮನಾಳ ಸೆಳೆತ, ಅಂದರೆ ಬತ್ತಿ ಎಣ್ಣೆಯನ್ನು ಹೀರುವಂಥ ಸೆಳೆತ, ಅದನ್ನು ಅಲ್ಲಿಯೇ ಹಿಡಿದಿಟ್ಟಿತು.

ಅಂಥ ಜಾಗದಲ್ಲಿ ಬ್ಯಾಕ್ಟೀರಿಯಾಗೆ ಏನು ಉಳಿಯುತ್ತದೆ? ಬೂಫಡೆಲ್ ತಂಡ ತೈಲವಿರುವ ತೀರವೊಂದರಲ್ಲಿ ಅಳೆದಾಗ ತೈಲವಿದ್ದ ಗುಂಡಿಗಳ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಸುಮಾರು 1 ಮಿಲಿಗ್ರಾಂ, ತೈಲವಿಲ್ಲದ ಗುಂಡಿಗಳಲ್ಲಿ 5 ಮಿಲಿಗ್ರಾಂಗೂ ಹೆಚ್ಚು ಇತ್ತು. ಸಾರಜನಕದ ಸರಾಸರಿ ಲೀಟರಿಗೆ 0.39 ಮಿಲಿಗ್ರಾಂ, ತೈಲ ವಿಘಟನೆಗೆ ಬೇಕಾದದ್ದು 2ರಿಂದ 10 ಮಿಲಿಗ್ರಾಂ. ಒಂದು ಕಿಲೋ ತೈಲ ಪೂರ್ತಿಯಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಲು ಸುಮಾರು 3.4 ಕಿಲೋ ಆಮ್ಲಜನಕ ಬೇಕೆಂದು ರಸಾಯನಶಾಸ್ತ್ರದ ಲೆಕ್ಕ ಹೇಳುತ್ತದೆ. ಲೀಟರಿಗೆ 10 ಮಿಲಿಗ್ರಾಂ ಆಮ್ಲಜನಕವಿರುವ ತಣ್ಣನೆಯ ಸಮುದ್ರನೀರು ಇದನ್ನು ಒದಗಿಸಬೇಕಾದರೆ ಮೂರು ಲಕ್ಷ ಲೀಟರಿಗೂ ಹೆಚ್ಚು ನೀರು ಆ ತೈಲವನ್ನು ಸವರಿಕೊಂಡು ಹರಿಯಬೇಕು. ಮೇಲ್ಪದರದಲ್ಲಿ ದಿನಕ್ಕೆರಡು ಬಾರಿ ಬರುವ ಉಬ್ಬರ ಈ ಕೆಲಸವನ್ನು ಸಲೀಸಾಗಿ ಮಾಡುತ್ತದೆ, ಬಿಗಿದ ಕೆಳಪದರದಲ್ಲಿ ನೀರು ಅಲುಗುವುದೇ ಇಲ್ಲ ಎನ್ನಬಹುದು.

ಹೀಗೆ ಒಂದೇ ತೀರದಲ್ಲಿ, ನೀರಿನಲ್ಲಿ ತೇಲುವ ಸೂಕ್ಷ್ಮ ಕಣ ತೈಲವನ್ನು ಬ್ಯಾಕ್ಟೀರಿಯಾಗಳಿಗೆ ತೆರೆದಿಟ್ಟಿತು, ಮೊಣಕಾಲುದ್ದ ಕೆಳಗೆ ಸಂದು ತುಂಬಿದ ಸೂಕ್ಷ್ಮ ಕಣ ತೈಲವನ್ನು ಕಾಪಿಟ್ಟಿತು. ತೈಲ ಸೋರಿಕೆಗೆ ಜೇಡಿಪುಡಿಯನ್ನು ಎರಚಿದರೆ ಸಾಕು ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಸಮುದ್ರದ ನೀರು ಅಲುಗಾಡುವ ಕಡೆ, ತೈಲ ತೀರಾ ಗಟ್ಟಿಯಾಗುವ ಮೊದಲು, ಸಣ್ಣ ಪ್ರಮಾಣದಲ್ಲಿ ಬೆರೆತರೆ ಅದರಿಂದ ಪ್ರಯೋಜನವಿದೆ. ಜಲ್ಲಿತೀರದ ಮೇಲೆ ಅದನ್ನು ದಪ್ಪವಾಗಿ ಸುರಿದರೆ ಸಂದುಗಳನ್ನು ಕಟ್ಟಿ ಆಮ್ಲಜನಕದ ದಾರಿ ಮುಚ್ಚುವ ಅಪಾಯ ಅಷ್ಟೇ ನಿಜ. ಸಲಹೆ ಕೊಡುವವರು ಮೊದಲು ಕೇಳಬೇಕಾದ ಪ್ರಶ್ನೆ ತೀರದಲ್ಲಿ ನೀರು ಎಷ್ಟು ಆಳದವರೆಗೆ, ಎಷ್ಟು ವೇಗವಾಗಿ ಹಾದುಹೋಗುತ್ತದೆ ಎಂಬುದು.

ಕೆಳಪದರದಲ್ಲಿ ಉಳಿದ ತೈಲವನ್ನು ಅಗೆದು ತೆಗೆಯುವುದೆಂದರೆ ಈಗಷ್ಟೇ ಚೇತರಿಸಿಕೊಂಡ ತೀರವನ್ನು ಮತ್ತೊಮ್ಮೆ ಕಲಕುವುದು. ಅದಕ್ಕಾಗಿ ಬೂಫಡೆಲ್ ತಂಡ ಬೇರೆ ದಾರಿಯನ್ನು ಪರೀಕ್ಷಿಸಿತು: ತೀರಕ್ಕೆ ಸಣ್ಣ ಕೊಳವೆಗಳನ್ನು ಇಳಿಸಿ, ಕೆಳಪದರದೊಳಗೆ ಪೋಷಕಾಂಶಗಳನ್ನೂ ಆಮ್ಲಜನಕದ ಮೂಲವಾಗಿ ಹೈಡ್ರೋಜನ್ ಪೆರಾಕ್ಸೈಡನ್ನೂ ಒತ್ತಡದಿಂದ ಹಾಯಿಸುವುದು. ದ್ರಾವಣ ಎಲ್ಲಿಯವರೆಗೆ ಹರಡುತ್ತದೆಂದು ತಿಳಿಯಲು ಲಿಥಿಯಂ ಬೆರೆಸಿ ಅದರ ಜಾಡು ಹಿಡಿದರು. ಮೇಲಿನಿಂದ ಸಿಂಪಡಿಸಿದ 1989ರ ಗೊಬ್ಬರ ತಲುಪಲಾರದ ಆಳಕ್ಕೆ ಹೀಗೆ ಪೋಷಕಾಂಶವನ್ನು ತಲುಪಿಸಲು ಸಾಧ್ಯವಿದೆ ಎಂದು ಆ ಪರೀಕ್ಷೆಗಳು ತೋರಿಸಿದವು. ಕೊಳವೆಯನ್ನು ತೀರದ ಯಾವ ಭಾಗದಲ್ಲಿ, ಎಷ್ಟು ಆಳಕ್ಕೆ ಇಳಿಸಬೇಕು ಎಂಬುದನ್ನು ಪ್ರತಿ ತೀರದಲ್ಲಿಯೂ ಅಲ್ಲಿನ ಎರಡು ಪದರಗಳ ಗಡಿಯನ್ನು ಗುರುತಿಸಿಯೇ ನಿರ್ಧರಿಸಬೇಕಾಗುತ್ತದೆ.